ಬೂದಿ ತಿಕ್ಕಿದ ರೀಲು

ಹಲಸೂರು,
12 ನವೆಂಬರ್ 1946, ಮಂಗಳವಾರ

ಪ್ರೀತಿಯ ಅಮ್ಮಾ,

ದೊರೆಸಾನಿಯ ಚಿತ್ರದ ರೀಲನ್ನು ಹಾಳು ಮಾಡಿದವನು ನಾನು. ಕೆಲಸ ಕಳೆದುಕೊಂಡವಳು ನೀನು. ಇದು ಅನ್ಯಾಯ. ಈ ಕಾಗದ ಓದಿ ಹೇಳುತ್ತಿರುವ ಮಾವನಿಗೂ ಗೊತ್ತಾಗಲಿ ಎಂದೇ ಮೊದಲ ಸಾಲಿನಲ್ಲಿ ಬರೆದೆ. ನಿನ್ನ ಮೊಣಕಾಲು ನೋವು ಹೇಗಿದೆ? ಕೃಷ್ಣರಾಜಪುರದಲ್ಲಿ ಬೆಳಗಿನ ಚಳಿ ಶುರುವಾಗಿರಬೇಕು. ನೀರು ಸೇದಲು ನೀನು ಹೋಗಬೇಡ. ಇಲ್ಲಿ ನನಗೆ ಊಟದ ತೊಂದರೆಯಿಲ್ಲ. ಪಕ್ಕದ ಮನೆಯ ಚಿಕ್ಕಮುನಿಯಮ್ಮತ್ತೆ ದಿನಾ ಮುದ್ದೆ ಕೊಡುತ್ತಾಳೆ. ಅವಳಿಗೆ ನಿಜ ಹೇಳಿದ ದಿನದಿಂದ ಮಾತ್ರ, "ಏನಪ್ಪಾ ಲೀಡ್ರೇ, ಅಮ್ಮನ್ ಕೆಲ್ಸ ಕಳ್ದೋನು ದೇಶ ಉದ್ಧಾರ ಮಾಡ್ತೀಯಾ?" ಎಂದು ಕೇಳಿಯೇ ತಟ್ಟೆ ಮುಂದಿಡುತ್ತಾಳೆ.

ಕುಕ್ ಟೌನಿನ ಬಂಗಲೆಯ ಹಿಂದಿನ ಜಗುಲಿಯಲ್ಲಿ ನೀನು ರೀಲುಗಳ ಪೆಟ್ಟಿಗೆಯನ್ನು ನನ್ನ ಮುಂದಿಟ್ಟು, "ನಂಗೆ ಕಣ್ಣು ಮಂಜು ಕಣಪ್ಪಾ, ಒಣಬಟ್ಟೇಲಿ ಮೆತ್ತಗೆ ಒರ್ಸು, ಸಾಕು" ಎಂದು ಒಳಗೆ ಹೋದೆ. ಗುಂಡನೆಯ ರಟ್ಟು, ಅದರ ಅಂಚಿನ ಸುತ್ತ ಉಗುರಿನಷ್ಟಗಲದ ಜೋಡಿ ಫಿಲ್ಮುಗಳು. ಎರಡು ಕಣ್ಣಿನ ಡಬ್ಬಿಯಲ್ಲಿಟ್ಟು ನೋಡಿದರೆ ಚಿತ್ರದೊಳಗಿನ ಬೆಟ್ಟ ನಿಜವಾಗಿ ಎದುರಿಗೆ ಬಂದು ನಿಲ್ಲುತ್ತದೆ. ಯುದ್ಧದಲ್ಲಿ ತೀರಿಹೋದ ದೊರೆಸಾನಿಯ ಮಗ ಬಿಟ್ಟುಹೋದ ರೀಲುಗಳು ಅವು. ಮಳೆಗಾಲದ ಬೂಸ್ಟು ಒಣಬಟ್ಟೆಗೆ ಜಗ್ಗಲಿಲ್ಲ. ನನಗೋ ಸಂಜೆ ರಸಲ್ ಮಾರ್ಕೆಟ್ಟಿನ ಹತ್ತಿರ ಕಾರ್ಮಿಕರ ಸಭೆಯ ಅವಸರ. ಲಾಟೀನಿನ ಗಾಜಿಗೆ ಮಾಡುವ ಹಾಗೆ ಒಲೆಯ ಬೂದಿಯನ್ನು ಜರಡಿ ಹಿಡಿದು, ಮೊದಲ ರೀಲನ್ನು ಒದ್ದೆಬಟ್ಟೆಯಲ್ಲಿ ತಿಕ್ಕಿಬಿಟ್ಟೆ. ಫಿಲ್ಮಿನ ತುಂಬ ಗೀರು ಬಿತ್ತು, ರಟ್ಟು ಹಪ್ಪಳದಂತೆ ಉಬ್ಬಿತು. ದುಡಿಯುವವರ ಗೌರವದ ಮಾತಾಡಲು ಹೊರಟವನು ನಿನ್ನ ದುಡಿಮೆಯನ್ನೇ ಹಗುರವಾಗಿ ಕಂಡೆ. "ನನ್ ಕೈತಪ್ಪು ದೊರೆಸಾನಮ್ಮ" ಎಂದು ನೀನು ಹೇಳುವಾಗ ಪಕ್ಕದಲ್ಲೇ ನಿಂತಿದ್ದೆ. ಆಮೇಲೆ ಕರಪತ್ರದ ಕಟ್ಟು ಎತ್ತಿಕೊಂಡು ಸಭೆಗೆ ಹೊರಟುಬಿಟ್ಟೆ.

ನೀನು ಊರಿಗೆ ಹೋದ ಮೇಲೆ, ದೊರೆಸಾನಿ ಸಿಟ್ಟಿನಲ್ಲಿ ನಮ್ಮತ್ತ ಎಸೆದಿದ್ದ ಆ ರೀಲನ್ನು ಕ್ಯಾಮೆರಾ ರಿಪೇರಿ ಮಾಡುವ ಅಹ್ಮದ್ ಪಾಷಾ ಅವರಿಗೆ ತೋರಿಸಿದೆ. "ಅರೇ ಭಾಯ್, ಇದೇನ್ ಬಿರಿಯಾನಿ ಹಂಡೇನಾ, ಬೂದಿ ಹಾಕಿ ತಿಕ್ಕೋಕೆ?" ಎಂದು ನಕ್ಕರು. ಗೀರು ಹೋಗುವುದಿಲ್ಲವಂತೆ. ಆದರೆ ಉಳಿದವನ್ನು ಕಾಪಾಡುವ ಬಗೆ ಕಲಿಸಿದರು. ಅಂಚನ್ನು ಮಾತ್ರ ಹಿಡಿಯಬೇಕು, ಫಿಲ್ಮಿಗೆ ಬೆರಳು ತಾಗಬಾರದು. ಮೊದಲು ರಬ್ಬರ್ ಬುರುಡೆ ಒತ್ತಿ ಗಾಳಿಯಿಂದ ಧೂಳು ಹಾರಿಸಬೇಕು, ಆಮೇಲೆ ಅಳಿಲುಕೂದಲಿನ ಕುಂಚ ಆಡಿಸಬೇಕು. ನೀರಂತೂ ಕೂಡದು. ತಗಡಿನ ಡಬ್ಬಿಯಲ್ಲಿ ಹುರಿದ ಅಕ್ಕಿಯ ಗಂಟಿಟ್ಟರೆ ತೇವ ಹೀರಿಕೊಂಡು ಬೂಸ್ಟು ತಡೆಯುತ್ತದೆ. ಎಂಟು ದಿನ ಅವರ ಅಂಗಡಿಯಲ್ಲಿ ಕೂತು ರದ್ದಿ ಫಿಲ್ಮಿನ ಮೇಲೆ ಕೈ ಪಳಗಿಸಿಕೊಂಡೆ. ಒಂದು ಸಭೆಗೂ ಹೋಗಲಿಲ್ಲ. ಕೈ ನಿಧಾನವಾದರೆ ಮನಸ್ಸೂ ನಿಧಾನವಾಗುತ್ತದೆ ಅಮ್ಮಾ, ಇದನ್ನು ಯಾರೂ ಅಚ್ಚು ಹಾಕಿಸಿ ಹಂಚಿರಲಿಲ್ಲ.

ಮಾವನಿಗೆ ನಮಸ್ಕಾರ ತಿಳಿಸು. ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ ಮಗ,
ಆದಿನಾರಾಯಣ

ತಾ.ಕ.: ನಿನ್ನೆ ಬಂಗಲೆಗೆ ಹೋಗಿ ಎಲ್ಲ ಹೇಳಿದೆ. ದೊರೆಸಾನಿ ನಂಬಲಿಲ್ಲ. "ಅಮ್ಮಂಗೋಸ್ಕರ ಸುಳ್ಳು ಹೇಳ್ತೀ, ಮ್ಯಾನ್. ಅಂಜಿನಮ್ಮ ಬಂದು ಹೇಳ್ಲಿ, ಆಗ ನಂಬ್ತೀನಿ, ಕೆಲಸಾನೂ ಕೊಡ್ತೀನಿ" ಎಂದರು. ನೀನು ನನ್ನ ಮೇಲೆ ತಪ್ಪು ಹೊರಿಸುವವಳಲ್ಲ, ಗೊತ್ತು. ಆದರೆ ಈ ಸಲವೂ ನೀನೇ ಹೊತ್ತುಕೊಂಡರೆ ನಾನು ಯಾವ ಮುಖ ಇಟ್ಟುಕೊಂಡು ಬೇರೆಯವರ ನ್ಯಾಯ ಕೇಳಲಿ? ಅವರೆದುರು ಒಂದೇ ಮಾತು ಹೇಳು: ತಿಕ್ಕಿದವನು ನನ್ನ ಮಗ. ಬರುವ ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಈಸ್ಟ್ ಸ್ಟೇಷನ್ನಿನ ಗೇಟಿನಲ್ಲಿ ನಿಂತಿರುತ್ತೇನೆ.