ಹಡಗು ಇಳಿಯುವ ಸದ್ದು

ಮಾರ್ಚ್ 3, ಭಾನುವಾರ

ಬೆಳಿಗ್ಗೆಯಿಂದ ಎರಡನೇ ಸಲ ಅದೇ ಸಿನಿಮಾ. ನಡುಮನೆ ತುಂಬ ಜನ. ಭಾವ ರಿಮೋಟ್ ಹಿಡಿದು, ನಿಲ್ಲಿಸಿ ನಿಲ್ಲಿಸಿ ಪ್ರವಚನ. ಅನ್ಯಗ್ರಹದವರು ದಾಳಿಗೆ ಬಂದದ್ದಲ್ಲವಂತೆ, ದೇವದೂತರಂತೆ. "ಬಂದೂಕು ಹಿಡಿದವರೆಲ್ಲ ಸುಟ್ಟುಹೋದ್ರು. ಮಂಡಿಯೂರಿದ ಹೆಂಗಸು ಒಬ್ಬಳೇ ಉಳಿದಳು. ಯಾಕೆ, ಹೇಳಿ?"

ಯಾಕೆಂದರೆ ಎರಡನೇ ಭಾಗಕ್ಕೆ ಆ ನಟಿಯ ಡೇಟ್ಸ್ ಸಿಕ್ಕಿತ್ತು! ನನಗೆ ಗೊತ್ತು. ಆ ಸಿನಿಮಾಕ್ಕೆ ಸೌಂಡ್ ಮಾಡಿದವಳು ನಾನು.

ಅನ್ಯಗ್ರಹದವರ ಹಡಗು ಆಕಾಶದಿಂದ ಇಳಿಯುವ ಸದ್ದಿಗೆ ಎಲ್ಲರೂ ಕಣ್ಣು ಮುಚ್ಚಿದರು. ಅಮ್ಮನೂ. ಅಳುತ್ತಿದ್ದಳು.

ಮಾರ್ಚ್ 5

ಫ್ರಿಜ್ಜಿನಲ್ಲಿ ಇನ್ಸುಲಿನ್ ಹಾಗೇ ಇದೆ. ಕೇಳಿದರೆ ಅಮ್ಮ, "ಆ ಸದ್ದು ಕೇಳಿದ್ಮೇಲೆ ಸೂಜಿ ಯಾಕೆ ಕಣೇ? ಮೈಯೆಲ್ಲ ಹಗುರ ಆಗುತ್ತೆ."

ಭಾವನನ್ನೇ ಹಿಡಿದು ಕೇಳಿದೆ. "ನಾನು ಸೂಜಿ ಬಿಡಿ ಅಂದಿಲ್ಲಮ್ಮ. ನಂಬಿ ಅಂದೆ, ಅಷ್ಟೆ." ಹಾವೂ ಸಾಯಬಾರದು, ಕೋಲೂ ಮುರಿಯಬಾರದು! ಅಕ್ಕ ಗಂಡನ ಪಕ್ಕವೇ ನಿಂತಿದ್ದಳು. ಲೋಟ ಕುಕ್ಕಿ ಬಂದೆ.

ಮಾರ್ಚ್ 17, ಭಾನುವಾರ

ಮೊನ್ನೆ ಅಮ್ಮ ಬಚ್ಚಲಲ್ಲಿ ಕುಸಿದಳು. ಎರಡು ದಿನ ಆಸ್ಪತ್ರೆ. ಡಾಕ್ಟರ್ ನನಗೇ ಬೈದರು: "ಇನ್ನೊಂದ್ಸಲ ಸೂಜಿ ಬಿಟ್ರೆ ಇಲ್ಲಿಗೆ ಕರ್ಕೊಂಡು ಬರೋಕೂ ಟೈಮ್ ಇರಲ್ಲ."

ಇವತ್ತು ಮನೆಗೆ ತಂದರೆ ಅದೇ ಟಿವಿ, ಅದೇ ಜನ, ಅದೇ ಸದ್ದು. ಪಿತ್ತ ನೆತ್ತಿಗೇರಿತು. ಹಾರ್ಡ್ ಡಿಸ್ಕ್ ತಂದು ಎಲ್ಲರ ಮುಂದೆ ಆ ಹಡಗಿನ ಸದ್ದಿನ ಮೂಲ ರೆಕಾರ್ಡಿಂಗ್ ಹಾಕಿದೆ. ಗೊರಕೆ. ಅಮ್ಮನ ಮಧ್ಯಾಹ್ನದ ಗೊರಕೆ! ಅದನ್ನೇ ನಿಧಾನ ಮಾಡಿ, ತಗಡು ಎಳೆದ ಸದ್ದು ಸೇರಿಸಿದ್ದು. "ಇದೇ ನಿಮ್ಮ ದೇವದೂತ" ಅಂದೆ. ಯಾರೋ ಕಿಸಕ್ಕೆಂದರು. ಗೆದ್ದೆ ಅಂದುಕೊಂಡೆ.

ಅಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಹಾಗಾದ್ರೆ... ಇಷ್ಟು ವರ್ಷ ನನ್ನೊಳಗೇ ಇದ್ದ."

ಭಾವ ಮಂಡಿಯೂರಿಬಿಟ್ಟ. ಅಮ್ಮನ ಮುಂದೆ! ಹಿಂದೆಯೇ ಎಲ್ಲರೂ. ಉರಿಯುವ ಬೆಂಕಿಗೆ ನಾನೇ ಕೈಯಾರೆ ತುಪ್ಪ ಸುರಿದೆ.

ಮಾರ್ಚ್ 19, ಬೆಳಿಗ್ಗೆ

ಅಮ್ಮ ನಿನ್ನೆಯಿಂದ ಸೂಜಿ ಮುಟ್ಟಿಸಿಕೊಂಡಿಲ್ಲ. ಶುಗರ್ ಮುನ್ನೂರು ದಾಟಿದೆ. ಬೇಡಿಕೊಂಡೆ. ಕೂಗಾಡಿದೆ. ಸತ್ತುಹೋಗ್ತೀಯ ಅಂದೆ. ನಕ್ಕಳು.

ಕೊನೆಗೆ ಹಲ್ಲು ಕಚ್ಚಿಕೊಂಡು ಹೇಳಿದೆ: "ಅಮ್ಮಾ, ಒಳಗೆ ಅವನಿದ್ದಾನಲ್ಲ... ಅವನಿರೋ ಮನೆ ನಿನ್ನ ಹಟಕ್ಕೆ ಬಿದ್ದುಹೋದ್ರೆ ಪಾಪ ಯಾರಿಗೆ?"

ಯೋಚಿಸಿದಳು. ತೋಳು ಚಾಚಿದಳು. "ಮೆಲ್ಲಗೆ ಚುಚ್ಚೇ. ಅವನಿಗೆ ನೋವಾದೀತು."

ಚುಚ್ಚಿದೆ. ಮಗಳ ಮಾತು ನಾಟಲಿಲ್ಲ, ಭಾವನ ಮಾತು ಕಡ ತಂದು ಆಡಿದರೆ ನಾಟಿತು! ಅಮ್ಮ ಉಳಿದಳು. ನನ್ನ ಮೈ ಮಾತ್ರ ಉರಿಯುತ್ತಿದೆ.

ತಿಂಡಿ ತಿಂದು ಮಲಗಿದ್ದಾಳೆ. ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಗೊರಕೆ ಶುರುವಾಯಿತು. ಕೇಳಿ ಸಮಾಧಾನ... ಥೂ, ಏನದು? ಬಾಗಿಲ ಸಂದಿಯಲ್ಲಿ ಒಂದು ಕೈ. ಕೈಯಲ್ಲಿ ಮೊಬೈಲ್. ಭಾವ ಅಮ್ಮನ ಗೊರಕೆ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಾನೆ. ಇವತ್ತು ಇವನ—