ಮೈನಸ್ ಆರೂಕಾಲು

ಜೂನ್ 3, ಸೋಮವಾರ

ಒಂಬತ್ತಕ್ಕೆ ಕನ್ನಡಕದಂಗಡಿಯ ಶಟರ್ ಎತ್ತಿದೆ. ಬೋರ್ಡ್ ಒರೆಸಿದೆ. ಅದರ ಮೇಲೆ ಏಳು ವರ್ಷದ ಲಿಖಿತಾ, ಮೊದಲ ಕನ್ನಡಕ ಹಾಕಿಕೊಂಡು ಹಲ್ಲು ಬಿಟ್ಟು ನಗುತ್ತಿರುವ ಫೋಟೊ. ಮಗಳಿಗೀಗ ಇಪ್ಪತ್ತೈದು. ಬೋರ್ಡಿನಲ್ಲಿ ಇನ್ನೂ ಏಳೇ.

ಹರಾಜಿನ ದಿನ. ತಿಪಟೂರಿಗೆ ಕೊಬ್ಬರಿ ಮಾರಲು ಬಂದವರು ಹಾಗೇ ಅಂಗಡಿಗೂ ಬಂದರು. ಶೆಟ್ಟಿಕೆರೆಯ ಕೆಂಚಯ್ಯ ಬಂದಿದ್ದ. ಕೊಬ್ಬರಿಯ ಚಿಪ್ಪು ಒಡೆಯುವಾಗ ಚೂರು ಸಿಡಿದು ಕನ್ನಡಕದ ಎಡಗಡೆ ಗ್ಲಾಸು ಬಿರುಕು. "ಇದಿಲ್ದಿದ್ರೆ ಕಣ್ಣೇ ಹೋಗ್ತಿತ್ತು ಕಣ್ರೀ ಮರುಳಸಿದ್ದಯ್ನೋರೇ" ಎಂದು ಕೈಮುಗಿದ. ಇಪ್ಪತ್ತೆಂಟು ವರ್ಷದಲ್ಲಿ ಒಬ್ಬರಿಗೂ ತಪ್ಪು ನಂಬರ್ ಕೊಟ್ಟವನಲ್ಲ ನಾನು.

ಸಂಜೆ ಎದುರು ಕಟ್ಟಡಕ್ಕೆ ಫ್ಲೆಕ್ಸ್ ಕಟ್ಟಿದರು. ತುಮಕೂರಿನ ಯಾವುದೋ ಆಸ್ಪತ್ರೆ. 'ಲೇಸರ್ — ಕನ್ನಡಕಕ್ಕೆ ಗುಡ್‌ಬೈ'. ನನ್ನ ಅಂಗಡಿ ಎದುರಿಗೇ! ಇವರ ಮನೆ ಹಾಳಾಗ. ಊರಲ್ಲಿ ಬೇರೆ ಗೋಡೆ ಸಿಗಲಿಲ್ಲವೇ?

ಜೂನ್ 9, ಭಾನುವಾರ

ಇಡ್ಲಿ ತಿನ್ನುವಾಗ ಲಿಖಿತಾ ಹೇಳಿದಳು. ಲೇಸರ್ ಮಾಡಿಸಿಕೊಳ್ಳುತ್ತಾಳಂತೆ. ತುರುವೇಕೆರೆ ಸ್ಕೂಲಿನ ಸಂಬಳ ಕೂಡಿಟ್ಟಿದ್ದಾಳಂತೆ. ಅಂತೆ, ಅಂತೆ.

"ಕಣ್ಣಿಗೆ ಬೆಂಕಿ ಇಡ್ತಾರೆ ಕಣೇ!"

"ಬೆಂಕಿಯಲ್ಲ ಅಪ್ಪಾಜಿ, ಹತ್ತು ನಿಮಿಷದ ಕೆಲಸ."

ಕೆಂಚಯ್ಯನ ಕಥೆ ಹೇಳಿದೆ. "ನಾನೇನು ಕೊಬ್ಬರಿ ಒಡೀತೀನಾ? ಪಾಠ ಮಾಡ್ತೀನಿ." ಇವಳಮ್ಮ ಗುರುಶಾಂತಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮೈಯೆಲ್ಲ ಉರಿಯಿತು.

"ಬೆಳಿಗ್ಗೆ ಎದ್ದು ನಿಮ್ಮ ಮುಖ ಕಾಣಬೇಕು ಅಂದ್ರೂ ದಿಂಬಿನ ಪಕ್ಕ ಕನ್ನಡಕ ತಡಕಬೇಕು. ಊರೋರಿಗೆಲ್ಲ ನಾನು ಬೋರ್ಡ್ ಹುಡುಗಿ. ಸಾಕಾಗಿದೆ ಅಪ್ಪಾಜಿ."

ಅನ್ನ ಹಾಕಿದ್ದು ಇದೇ ಕನ್ನಡಕ. ಬಿ.ಎಡ್. ಓದಿಸಿದ್ದು ಇದೇ ಕನ್ನಡಕ. ಅಂಗಡಿಯವನ ಮಗಳೇ ಬಿಸಾಕಿದರೆ ಊರು ನಗುವುದಿಲ್ಲವೇ? ಇಡ್ಲಿ ಹಾಗೇ ಬಿಟ್ಟು ಎದ್ದೆ.

ಜೂನ್ 16

ನಂಬರ್ ಏರುತ್ತಿದ್ದರೆ ಲೇಸರ್ ಮಾಡುವುದಿಲ್ಲ. ಒಂದು ವರ್ಷವಾದರೂ ನಿಂತಿರಬೇಕು. ಅವಳದು ಮೈನಸ್ ಐದೂವರೆಗೆ ನಿಂತು ಮೂರು ವರ್ಷವಾಯಿತು. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

"ಮೊದಲು ನಾನು ಟೆಸ್ಟ್ ಮಾಡ್ತೀನಿ, ಬಾ" ಎಂದು ಅಂಗಡಿಯಲ್ಲಿ ಕೂರಿಸಿದೆ. ಮೈನಸ್ ಸ್ವಲ್ಪ ಹೆಚ್ಚಿಗೆ ಹಾಕಿದರೆ ಅಕ್ಷರ ಇನ್ನೂ ಕಪ್ಪಗೆ, ಚೂಪಾಗಿ ಕಾಣುತ್ತದೆ. ಯಾರಾದರೂ ಮೋಸ ಹೋಗುತ್ತಾರೆ. "ಹೌದಲ್ಲ, ಇದೇ ಚೆನ್ನಾಗಿದೆ" ಎಂದಳು.

"ಏರಿದೆ ಕಣಮ್ಮ. ಆರೂಕಾಲು. ಈಗ ಲೇಸರ್ ಆಗಲ್ಲ. ನಿಲ್ಲಲಿ, ಆಮೇಲೆ ನೋಡೋಣ."

ಮುಖ ಸಣ್ಣದು ಮಾಡಿಕೊಂಡಳು. "ಹೋಗ್ಲಿ ಬಿಡಿ. ಹೊಸದು ಮಾಡ್ಕೊಡಿ."

ನಂಬಿದಳು... ಮಾಡಿಕೊಡದೆ ಇರಲಾಗುತ್ತದೆಯೇ? ಆರೂಕಾಲನ್ನೇ ಹಾಕಿದೆ. ಒಳ್ಳೆಯ ಫ್ರೇಮು. ಅವಳ ಒಳ್ಳೆಯದಕ್ಕೇ.

ಜುಲೈ 4, ಗುರುವಾರ

ತಲೆನೋವಂತೆ. ಗುರುಶಾಂತಮ್ಮ ನೆತ್ತಿಗೆ ಎಣ್ಣೆ ತಟ್ಟಿದಳು. "ಕಣ್ಣೊಳಗೆ ಯಾರೋ ಜಗ್ಗಿದ ಹಾಗಾಗುತ್ತೆ ಅಪ್ಪಾಜಿ." ಹೊಸದು, ಹೊಂದಿಕೊಳ್ಳಬೇಕು ಎಂದೆ. ಮೊಬೈಲ್ ನೋಡುವುದು ಕಡಿಮೆ ಮಾಡು ಎಂದು ಬೈದೆ ಕೂಡ.

ಎದುರಿನ ಫ್ಲೆಕ್ಸ್ ಗಾಳಿಗೆ ಒಂದು ಮೂಲೆ ಹರಿದಿದೆ. ಖುಷಿಯಾಯಿತು.

ಜುಲೈ 23, ಮಂಗಳವಾರ

ತುರುವೇಕೆರೆ ಬಸ್ಸಿನಲ್ಲಿ ವಾಂತಿ ಮಾಡಿಕೊಂಡಳಂತೆ. ಕಂಡಕ್ಟರ್ ಇಳಿಸಿ ನೀರು ಕೊಟ್ಟನಂತೆ.

ಐದೂವರೆಯ ಗ್ಲಾಸು ಕತ್ತರಿಸಿ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಬದಲಿಸಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. "ಸ್ಕ್ರೂ ಸಡಿಲ ಆಗಿದೆ, ಕೊಡಮ್ಮ, ಬಿಗಿ ಮಾಡ್ತೀನಿ" ಎಂದೆ. "ಭಾನುವಾರ ಕೊಡ್ತೀನಿ, ಈಗ ಪೇಪರ್ ತಿದ್ದಬೇಕು" ಎಂದಳು. ಅಲ್ಲೇ ಹೇಳಿಬಿಡಬೇಕಿತ್ತು. ಆಗಲಿ ಎಂದು ಎದ್ದು ಬಂದೆ.

ಜುಲೈ 27, ಶನಿವಾರ — ಸಂಜೆ 5.30

ತಾಯಿ ಮಗಳು ನನಗೆ ಹೇಳದೆ ತುಮಕೂರಿಗೆ ಹೋಗಿ ಬಂದಿದ್ದಾರೆ. ತಲೆನೋವು ತೋರಿಸಲು. ಅದೇ ಫ್ಲೆಕ್ಸಿನ ಆಸ್ಪತ್ರೆಗೆ! ಡ್ರಾಪ್ಸ್ ಹಾಕಿ ಟೆಸ್ಟ್ ಮಾಡಿದ ಡಾಕ್ಟರು ಕೇಳಿದರಂತೆ, ಐದೂವರೆ ಕಣ್ಣಿಗೆ ಆರೂಕಾಲು ಕೊಟ್ಟ ಪುಣ್ಯಾತ್ಮ ಯಾರಮ್ಮ ಎಂದು.

"ಇವಳೇನಂದ್ಲು?"

"ನಿಮ್ಮ ಹೆಸರು ಹೇಳ್ಲಿಲ್ಲ" ಎಂದಳು ಗುರುಶಾಂತಮ್ಮ. "ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ಲ ಅಂತಾರೆ. ನೀವು ಮಗಳ ಕಣ್ಣನ್ನೂ ಬಿಡ್ಲಿಲ್ವಲ್ರೀ. ಥೂ!"

ಲಿಖಿತಾ ಕೋಣೆಯ ಬಾಗಿಲು ಹಾಕಿಕೊಂಡಿದ್ದಾಳೆ.

ಆಗಸ್ಟ್ 18, ಭಾನುವಾರ

ಶುಕ್ರವಾರ ಲೇಸರ್ ಆಯಿತು. ನನ್ನನ್ನು ಕರೆಯಲಿಲ್ಲ.

ಬೆಳಿಗ್ಗೆ ಎದ್ದವಳು ಕೋಣೆಯ ಬಾಗಿಲಲ್ಲಿ ನಿಂತಳು. ನಾನು ಪಡಸಾಲೆಯ ಆ ಕೊನೆಯಲ್ಲಿ ಪೇಪರ್ ಹಿಡಿದು ಕೂತಿದ್ದೆ. ಏಳನೇ ವಯಸ್ಸಿನ ಮೇಲೆ ಬರಿಗಣ್ಣಿಗೆ ಅಷ್ಟು ದೂರದಿಂದ ನನ್ನ ಮುಖ ಕಂಡಿದ್ದು ಇದೇ ಮೊದಲು. ನೋಡಿದಳು. ಒಳಗೆ ಹೋದಳು.

ಆಗಸ್ಟ್ 29, ಗುರುವಾರ

ಕೆಂಚಯ್ಯ ಫ್ರೇಮಿನ ಕಡ್ಡಿ ಸರಿ ಮಾಡಿಸಿಕೊಂಡು ಕೂತಿದ್ದ. ಲಿಖಿತಾ ಬಂದಳು. ತಿಂಗಳ ಮೇಲೆ ಅಂಗಡಿಗೆ ಕಾಲಿಟ್ಟಿದ್ದಾಳೆ. ಬ್ಯಾಗಿನಿಂದ ಆ ಕನ್ನಡಕ ತೆಗೆದು ಕೌಂಟರ್ ಮೇಲಿಟ್ಟಳು.

"ಇದರ ನಂಬರ್ ನೋಡಿ ಹೇಳಿ."

ಮಿಷನ್ನಿಗೆ ಇಟ್ಟೆ. ನೋಡುವುದೇನಿತ್ತು. "ಆರೂಕಾಲು."

"ನನ್ನದೆಷ್ಟಿತ್ತು?"

"ಐದೂವರೆ."

"ಗೊತ್ತಿದ್ದೇ ಕೊಟ್ರಾ?"

"ಹೂಂ" ಎಂದೆ.

ಅಷ್ಟೇ ಬೇಕಿತ್ತೇನೋ. ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ಬೋರ್ಡಿನ ಕಡೆ ತಲೆ ಎತ್ತಲಿಲ್ಲ.

ಕೆಂಚಯ್ಯ ಮೆಲ್ಲಗೆ ತನ್ನ ಕನ್ನಡಕ ತೆಗೆದು ನನ್ನ ಮುಂದಿಟ್ಟ. "ಬ್ಯಾಸರ ಮಾಡ್ಕಬ್ಯಾಡಿ... ನಂದೂ ಒಂದ್ಸಲ ನೋಡ್ಬುಡಿ."

ಅವನದು ಸರಿಯಾಗಿತ್ತು. ಸರಿಯಾಗಿದೆ ಎಂದು ಎರಡು ಸಲ ಹೇಳಿದೆ. ತಲೆಯಾಡಿಸಿದ. ನಂಬಲಿಲ್ಲ.

ಇಪ್ಪತ್ತೆಂಟು ವರ್ಷದಲ್ಲಿ ಒಬ್ಬರಿಗೂ ತಪ್ಪು ನಂಬರ್ ಕೊಟ್ಟವನಲ್ಲ ನಾನು. ಒಬ್ಬಳಿಗೆ ಬಿಟ್ಟರೆ. ಒಬ್ಬಳಿಗೆ...