ಮಲಗಿದ ಹುಳ

ದಿಬ್ಬೂರಹಳ್ಳಿ
21 ಡಿಸೆಂಬರ್ 2024, ಶನಿವಾರ

ತಂಗಿ ಆಂಜಿನಮ್ಮನಿಗೆ,

ಚಿಂತಾಮಣಿಯಲ್ಲಿ ನೀನು, ಮಗ, ಸೊಸೆ, ಮೊಮ್ಮಕ್ಕಳು ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಾವೂ ಇದ್ದೇವೆ. ದೀಪಾವಳಿಯಿಂದ ನೀನು ಫೋನ್ ಮಾಡುತ್ತಲೇ ಇದ್ದೀಯ, ನಾನು ಎತ್ತಲಿಲ್ಲ. ಎತ್ತಿದರೆ ಕೂಗಾಡುತ್ತೇನೆ, ಆಮೇಲೆ ಅಣ್ಣ ಬೈದ ಅಂತ ನೀನು ಊಟ ಬಿಟ್ಟು ಕೂರುತ್ತೀಯ. ಕಾಗದದಲ್ಲಿ ಕೂಗು ಕೇಳಿಸುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ತಡವಾಯಿತು. ನನ್ನದು ನಾಲ್ಕನೇ ಕ್ಲಾಸಿನ ಕನ್ನಡ. ಒತ್ತು, ದೀರ್ಘ ತಪ್ಪಿದ್ದರೆ ಮೊಮ್ಮಗಳ ಕೈಲಿ ತಿದ್ದಿಸಿಕೊಂಡು ಓದು.

ನಿನ್ನ ಸಿಟ್ಟು ನನಗೆ ಗೊತ್ತು. ಓಬಳಮ್ಮನ ತಿಥಿಯ ದಿನ ಎಲ್ಲರ ಮುಂದೆ ಹೇಳಿದ್ದೆ, ಇನ್ನು ರೇಷ್ಮೆ ಸಾಕು, ಹುಳದ ಮನೆಗೆ ಬೀಗ ಹಾಕಿ, ಸೊಪ್ಪಿನ ತೋಟ ಕಿತ್ತು ಗುಲಾಬಿ ಹಾಕುತ್ತೇನೆ ಅಂತ. ಯಾಕೆ ಅಂತ ನೀನು ಕೇಳಿದೆ. ನಾನು ಬಾಯಿ ಬಿಡಲಿಲ್ಲ. "ಅತ್ತಿಗೆ ಕೈಯಾಡಿದ ಮನೆಗೆ ಬೀಗ ಬಿದ್ರೆ ಸಂಕ್ರಾಂತಿಗೆ ನನ್ನ ಕರೀಬೇಡಣ್ಣ" ಅಂದು ನೀನು ಎದ್ದು ಹೋದೆ.

ಬೀಗ ಬಿದ್ದಿಲ್ಲ. ಅದನ್ನು ಹೇಳುವುದಕ್ಕೇ ಈ ಕಾಗದ.

ಬೀಳಗೊಡದೆ ಇದ್ದವಳು ಸೊಸೆ ಮಾಲಾ. ಗೌರಿಬಿದನೂರಿನ ಕಡೆಯವಳು, ಮುಸುಕಿನ ಜೋಳ ಬಿಟ್ಟು ಬೇರೆ ಬೆಳೆ ಕಂಡವಳಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಹುಳ ಕಂಡರೆ ಸೆರಗು ಕೊಡವಿಕೊಂಡು ಓಡುತ್ತಿದ್ದಳು. ಅಂಥವಳು ಕಾರ್ತಿಕದಲ್ಲಿ ನನ್ನ ಮುಂದೆ ಬಂದು ನಿಂತಳು.

"ಮಾವ, ಒಂದ್ ಬೆಳೆ ನಾನ್ ನೋಡ್ಕೊಂತೀನಿ. ಕೆಟ್ರೆ ನಾನೇ ಗುದ್ಲಿ ತಗೊಂಡು ತೋಟ ಕೀಳ್ತೀನಿ."

"ಚಳಿಗಾಲದಾಗೆ ಹುಳ ಸಾಕೋದು ಅಂದ್ರೆ ನಿಮ್ಮೂರಾಗೆ ಜೋಳ ಬಿಡಿಸ್ದಂಗಲ್ಲಮ್ಮ."

"ಗೊತ್ತು ಮಾವ. ಜೋಳದ ಹೊಲದಾಗೆ ಬೈಯೋರು ಇರಲ್ಲ."

ಪಕ್ಕದ ಮನೆಯ ಮುನಿವೆಂಕಟಪ್ಪ ಎಳೇ ಚಾಕಿ ಹುಳ ತಂದುಕೊಟ್ಟ. ಅವತ್ತಿಂದಲೇ ಶುರುವಾಯಿತು ನೋಡು ಚಳಿ. ಬೆಳಿಗ್ಗೆ ಎದ್ದರೆ ಎದುರಿನ ಹುಣಸೆಮರವೇ ಕಾಣದಷ್ಟು ಮಂಜು. ಮಾಲಾ ಕಿಟಕಿಗಳಿಗೆಲ್ಲ ಗೋಣಿತಾಟು ಕಟ್ಟಿದಳು, ಮೂಲೆಯಲ್ಲಿ ಇದ್ದಿಲ ಒಲೆ ಇಟ್ಟಳು. ಮಂಜು ಕೂತ ಸೊಪ್ಪು ತಿಂದರೆ ಹುಳ ಕೆಡುತ್ತದೆ ಅಂತ ಬಿಸಿಲಿದ್ದಾಗಲೇ ಕೊಯ್ದು, ಒದ್ದೆ ಗೋಣಿ ಹೊದಿಸಿ ಇಡುತ್ತಿದ್ದಳು. ಮೋಹನ್‌ಬಾಬು ಡೇರಿಯಲ್ಲಿ ಹಾಲು ಅಳೆದು ಬಂದವನೇ ಸೊಪ್ಪಿನ ಹೊರೆ ಹೊರುತ್ತಿದ್ದ. ನನ್ನ ಮಗ ಹೆಂಡತಿ ಮಾತಿಗೆ ಇಷ್ಟು ಬಗ್ಗುತ್ತಾನೆ ಅಂತ ನನಗೆ ಗೊತ್ತಿರಲಿಲ್ಲ.

ನಾನು ಒಳಗೆ ಹೋಗಲಿಲ್ಲ. ಬಾಗಿಲ ಹೊರಗೆ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತು ಬೈದೆ. ಅಷ್ಟೇ ನಾನು ಮಾಡಿದ್ದು.

ಒಂದು ವಿಷಯಕ್ಕೆ ಮಾತ್ರ ಊರೆಲ್ಲ ಅವಳನ್ನು ಆಡಿಕೊಂಡಿತು. ಹುಳ ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂತು ಪೊರೆ ಬಿಡುತ್ತದಲ್ಲ, ಅದಕ್ಕೆ ನಮ್ಮಲ್ಲಿ ಒಂದು ಮಾತಿದೆ. ನಿನಗೂ ಗೊತ್ತು, ಸೊಪ್ಪು ಹೊರುವ ಮಕ್ಕಳಿಗೂ ಗೊತ್ತು. ಇವಳು ಆ ಮಾತನ್ನು ಆಡುವುದೇ ಇಲ್ಲ. ಒಳಗಿಂದ "ಮಾವ, ಹುಳ ಮಲಗಿದಾವೆ" ಅನ್ನುತ್ತಾಳೆ. ಮಾರನೇ ದಿನ "ಎದ್ದಾವೆ ಮಾವ" ಅನ್ನುತ್ತಾಳೆ.

"ಮಲಗಿದಾವೆ ಅಂದ್ರೇನಮ್ಮ? ಚಾಪೆ ಹಾಸಿ ಕೊಟ್ಟಿದೀಯಾ? ದಿಂಬು ಬೇಕಾ ಕೇಳು" ಅಂದೆ. ಡೇರಿ ಹತ್ತಿರ ನಿಂತ ಹೆಂಗಸರೆಲ್ಲ ನಕ್ಕರು. "ಗೌರಿಬಿದನೂರಮ್ಮ, ಜೋಗುಳ ಹಾಡ್ದಾ?" ಅಂತ ಅಮ್ಮಾಜಮ್ಮ ದಿನಾ ಕೆಣಕುತ್ತಿದ್ದಳು. ಇವಳೂ ಅವರ ಜೊತೆ ನಗುತ್ತಿದ್ದಳು. ಮಾತು ಮಾತ್ರ ತಿದ್ದಿಕೊಳ್ಳಲಿಲ್ಲ. ಇವಳಿಗೆ ತಲೆಗೆ ಹತ್ತುವುದಿಲ್ಲ ಅಂದುಕೊಂಡೆ.

ಹುಳ ಹಣ್ಣಾದವು. ಗೂಡು ಕಟ್ಟಲಿ ಅಂತ ಬಿದಿರಿನ ಚಂದ್ರಿಕೆಗೆ ಬಿಟ್ಟರು. ಮೋಹನ್‌ಬಾಬು ಒಂದು ಚಂದ್ರಿಕೆ ಎತ್ತಿ ಹೊರಗೆ ತಂದು ನನ್ನ ಮುಂದೆ ಹಿಡಿದ. ಒಂದರ ಪಕ್ಕ ಒಂದು, ಬೆಳ್ಳಗೆ, ಗಟ್ಟಿ ಗೂಡು. ಒಂದೂ ತೆಳುವಿಲ್ಲ. ಬೈಯಲು ಏನಾದರೂ ಸಿಗುತ್ತದಾ ಅಂತ ತಿರುಗಿಸಿ ತಿರುಗಿಸಿ ನೋಡಿದೆ. ಸಿಗಲಿಲ್ಲ.

ಶಿಡ್ಲಘಟ್ಟದ ಮಾರುಕಟ್ಟೆಗೆ ನಾನೂ ಹೋದೆ. ನಿನಗೆ ನೆನಪಿರಬೇಕು, ನಮ್ಮ ಗೂಡು ಯಾವಾಗಲೂ ಕೊಳ್ಳುತ್ತಿದ್ದ ಬಾಬಾಜಾನ್ ಸಾಹೇಬರು. ಎರಡು ಗೂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು, ಬೆರಳಲ್ಲಿ ಒತ್ತಿದರು.

"ಯಾರದಮ್ಮ ಇದು? ಓಬಳಮ್ಮನ ಮನೇದು ಇದ್ದಂಗದೆ."

"ಹೂನಣ್ಣ, ಅವ್ರದೇ. ನಾನು ಅವ್ರ ಸೊಸೆ" ಅಂದಳು ಮಾಲಾ. ತಲೆ ಎತ್ತಿಯೇ ಅಂದಳು.

ನಾನು ಹಿಂದೆ ನಿಂತಿದ್ದೆ. ನನ್ನ ಎದೆ ಉಬ್ಬಿದ ಉಬ್ಬಿಗೆ ಸ್ವೆಟರಿನ ಗುಂಡಿ ಕಿತ್ತುಹೋಗಬೇಕಿತ್ತು. "ಟೆಂಪೋ ಹೊರಡ್ತದೆ, ಹತ್ತಮ್ಮ" ಅಂದೆ. ರೇಟು ಎಷ್ಟಾಯಿತು ಅಂತ ಕೇಳಬೇಡ. ಅವತ್ತು ನಾನೂ ಕೇಳಲಿಲ್ಲ.

ತೋಟ ಕೀಳುವ ಮಾತು ಅಲ್ಲಿಗೆ ಮುಗಿಯಿತು. ಹಬ್ಬದ ಹೊತ್ತಿಗೆ ಮತ್ತೆ ಚಾಕಿ ಹುಳ ಬರುತ್ತದೆ.

ಈಗ ನೀನು ಬಾ. ಮೊಮ್ಮಕ್ಕಳಿಗೆ ಕ್ರಿಸ್‌ಮಸ್ ರಜ ಬಿಟ್ಟ ದಿನವೇ ಹೊರಡು, ಸಂಕ್ರಾಂತಿ ಮುಗಿಸಿಕೊಂಡು ಹೋಗುವೆಯಂತೆ. ಅವರೆಕಾಯಿ ಸೊಗಡು ಬಿಟ್ಟಿದೆ, ಬೀದಿಯೆಲ್ಲ ಅದೇ ವಾಸನೆ. ಹಿತುಕಿದ ಬೇಳೆ ಸಾರು ತಿನ್ನಬೇಕು ಅನ್ನಿಸುತ್ತದೆ. ಆದರೆ ಹಿತುಕುವುದಕ್ಕೆ ನೀನೂ ನಿನ್ನ ಅತ್ತಿಗೆಯೂ ಎದುರುಬದುರು ಕೂತಂಗೆ ಯಾರು ಕೂರುತ್ತಾರೆ? ಮಾಲಾ ಹಿತುಕಿದರೆ ಕಾಳು ಅವಳ ಕಣ್ಣಿಗೇ ಹಾರುತ್ತದೆ. ಬಂದು ಕಲಿಸಿಕೊಡು.

ಮಕ್ಕಳಿಗೆಲ್ಲ ನನ್ನ ಆಶೀರ್ವಾದ. ನೂರು ವರ್ಷ ಬಾಳಲಿ, ಯಾರೂ ನನ್ನಂಗೆ ಮುಂಗೋಪಿ ಆಗದೆ ಇರಲಿ. ನಿನ್ನ ಮಂಡಿನೋವಿಗೆ ಬಿಸಿ ಎಣ್ಣೆ ಹಾಕಿಕೋ.

ನಿನ್ನ ಅಣ್ಣ,
ನರಸಿಂಹಪ್ಪ

ಮರೆತ ಮಾತು: ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ಬೀಗ ಯಾಕೆ ಅಂತ ಕೇಳಿದ್ದೆಯಲ್ಲ.

ಹುಳ ಕೊನೇ ಸಲ ಎದ್ದ ದಿನ ಮುನಿವೆಂಕಟಪ್ಪ ನೋಡಿಹೋಗಲು ಬಂದಿದ್ದ. ನಾನು ಗೋಡೆಯ ಈಚೆಗಿದ್ದೆ, ಅವರಿಗೆ ಕಾಣುತ್ತಿರಲಿಲ್ಲ. "ಏಮ್ಮಾ, ಮಲಗೋದು ಏಳೋದು ಅಂದ್ರೆ ಊರೋರು ನಗ್ತಾರೆ. ಜ್ವರ ಅನ್ನು. ಮೂರನೇ ಜ್ವರ, ನಾಲ್ಕನೇ ಜ್ವರ" ಅಂದ.

"ಗೊತ್ತಣ್ಣ. ನಾನ್ ಬಂದ ವರ್ಷಾನೇ ಅತ್ತೆ ಹೇಳ್ಕೊಟ್ಟವ್ರೆ. ಮಾವ ಬಾಗಿಲಾಗೇ ಕೂತಿರ್ತಾರೆ. ಜ್ವರ ಬಿಡ್ತು ಅಂತ ನಾನ್ ಹೆಂಗೆ ಕೂಗ್ಲಿ?" ಅಂದಳು.

ಭಾದ್ರಪದದಲ್ಲಿ ಓಬಳಮ್ಮನನ್ನು ನೋಡಲು ಆಸ್ಪತ್ರೆಗೆ ಬಂದವರೆಲ್ಲ ನನ್ನನ್ನು ಅದೇ ಕೇಳುತ್ತಿದ್ದರು, ಆಂಜಿನಮ್ಮ. ಜ್ವರ ಬಿಡ್ತಾ, ಜ್ವರ ಬಿಡ್ತಾ ಅಂತ. ನೀನೂ ಕೇಳಿದ್ದೆ. ಈಗ ಬಂದಾಗ ನೀನೂ ಮಲಗಿದಾವೆ ಅನ್ನು.

ಹುಳಕ್ಕೆ ನಾಲ್ಕು ಜ್ವರ ಬರುತ್ತೆ, ನಾಲ್ಕೂ ಬಿಡುತ್ತೆ. ಅವಳಿಗೆ ಬಂದದ್ದು ಒಂದೇ.